ಹುಸೇನಸಾಬರ ಶೇಂಗಾ ಯಂತ್ರ ಮತ್ತು ನಾನು ಬರೆದ ಷರತ್ತು

ಗದಗ ಹೊಸ ಜಿಲ್ಲೆಯಾದ ಮರುವರ್ಷ ನಾನು ಅಲ್ಲಿನ ಕೈಗಾರಿಕೆ ಕಚೇರಿಗೆ ವಿಸ್ತರಣಾಧಿಕಾರಿಯಾಗಿ ಬಂದೆ. ಧಾರವಾಡದಿಂದ ಬೇರೆಯಾಗಿದ್ದೆವು, ದೊಡ್ಡ ಕಾರ್ಖಾನೆಗಳು, ಪರೀಕ್ಷಾಲಯ ಎಲ್ಲ ಆ ಕಡೆಯೇ ಉಳಿದಿದ್ದವು. ಅವರ ಸಮಕ್ಕೆ ಬರಬೇಕೆಂದು, ಸ್ಥಳೀಯರು ರೂಪಿಸಿದ ಹೊಸ ಯಂತ್ರಗಳಿಗೆ ನೆರವು ನೀಡುವ ಯೋಜನೆಯೊಂದು ಹೊರಟಿತು. ಕರಡು ಬರೆದವಳು ನಾನು. ಮುಂದುವರಿದ ಜಿಲ್ಲೆಯೊಂದರ ಯೋಜನೆಯ ಪ್ರತಿ ತರಿಸಿ, ಷರತ್ತುಗಳನ್ನು ಹಾಗೆಯೇ ಇಳಿಸಿದೆ. ಪರೀಕ್ಷಾಲಯದ ವರದಿ ಮತ್ತು ಇಂಜಿನಿಯರ್ ಸಹಿಯ ನಕ್ಷೆ ಕಡ್ಡಾಯ ಎಂಬುದೂ ಅವುಗಳಲ್ಲೊಂದು.

ಮೊದಲ ಅರ್ಜಿ ಲಕ್ಷ್ಮೇಶ್ವರದ ಹುಸೇನಸಾಬರದು. ಚಕ್ಕಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕಟ್ಟುವ ಕಮ್ಮಾರರು. ಕಿತ್ತ ಶೇಂಗಾ ಬಳ್ಳಿಯಿಂದ ಕಾಯಿ ಬಿಡಿಸುವ ಯಂತ್ರ ಮಾಡಿದ್ದರು. ಸೈಕಲ್ ಪೆಡಲ್ ತುಳಿದರೆ ಹಲ್ಲಿನ ಉರುಳೆ ತಿರುಗಿ ಕಾಯಿ ಕೆಳಗೆ ಬೀಳುತ್ತಿತ್ತು. ಹೊಲಕ್ಕೇ ಹೋಗಿ ನೋಡಿದೆ. ಹೆಣ್ಣಾಳುಗಳು ದಿನವಿಡೀ ಬಿಡಿಸುವಷ್ಟು ಬಳ್ಳಿ ಊಟದ ಹೊತ್ತಿಗೆ ಮುಗಿದಿತ್ತು. ಹುಸೇನಸಾಬರ ಹೆಂಡತಿ ರಾಬಿಯಾ ಬೆರಳು ಚಾಚಿ ತೋರಿಸಿ, "ಈ ಸುಗ್ಗ್ಯಾಗ ಉಗುರು ಉಳದಾವ್ರಿ ಮೇಡಂ" ಎಂದರು.

ಹುಸೇನಸಾಬರು ಯಂತ್ರವನ್ನು ಟೆಂಪೋದಲ್ಲಿ ಹೇರಿಕೊಂಡು ಎರಡು ಸಲ ಪರೀಕ್ಷಾಲಯಕ್ಕೆ ಹೋದರು. ನಕ್ಷೆಯಿಲ್ಲದೆ ಮುಟ್ಟುವುದಿಲ್ಲ ಎಂದು ಅಲ್ಲಿಯವರು ಹೇಳಿದರಂತೆ. ನಕ್ಷೆ ಬರೆಯಲು ನಾನು ಕಳಿಸಿದ ಇಂಜಿನಿಯರ್ ಅಳತೆ ಕೇಳಿದರೆ ಇವರು ಗೇಣು ಹಾಕಿ ತೋರಿಸಿದರು. ಆತ ಮತ್ತೆ ಬರಲಿಲ್ಲ. ಷರತ್ತು ಸಡಿಲಿಸಬೇಕೆಂದು ನಾನು ಟಿಪ್ಪಣಿ ಬರೆದೆ. ಮೇಲಧಿಕಾರಿ ಓದಿ, "ಈ ಷರತ್ತು ಬರದವರು ನೀವ ಅಲ್ಲೇನ್ರಿ?" ಎಂದು ಕೇಳಿದರು. ಟಿಪ್ಪಣಿ ಅಲ್ಲೇ ನಿಂತಿತು. ಅರ್ಜಿ ತಿರಸ್ಕೃತವಾಯಿತು.

ಮುಂದಿನ ವರ್ಷ ಹೊರಗಿನ ಕಾರ್ಖಾನೆಯವರು ಸ್ಥಳೀಯರೆನ್ನಿಸಿಕೊಳ್ಳಲು ಬೆಟಗೇರಿಯಲ್ಲಿ ಬಾಡಿಗೆ ಮಳಿಗೆಯೊಂದನ್ನು ತೋರಿಸಿ ಅರ್ಜಿ ಹಾಕಿದರು. ಅವರದೂ ಶೇಂಗಾ ಯಂತ್ರವೇ, ಡೀಸೆಲ್‌ನದು. ಹಸಿ ಬಳ್ಳಿ ಸಿಕ್ಕಿಕೊಂಡರೆ ನಿಂತುಬಿಡುತ್ತಿತ್ತು. ಆದರೆ ಕಾಗದಪತ್ರಗಳು ಸರಿಯಿದ್ದವು. ನಾನೇ ಶಿಫಾರಸು ಮಾಡಿ ಸಹಿ ಹಾಕಿದೆ.

ನೆರವು ಅವರಿಗೆ ಸಿಕ್ಕಿದ್ದು ಬೇರೆಯವರಿಂದ ಗೊತ್ತಾಗುವ ಮೊದಲು ನಾನೇ ಹೇಳಬೇಕೆಂದು ಲಕ್ಷ್ಮೇಶ್ವರಕ್ಕೆ ಹೋದೆ. ಹುಸೇನಸಾಬರು ಯಂತ್ರವನ್ನು ಆಗಲೇ ಬಿಚ್ಚಿ, ಅದರ ಕಬ್ಬಿಣದಲ್ಲಿ ಕುಡಗೋಲು ಬಡಿಯುತ್ತಿದ್ದರು. ನೀವು ಇನ್ನೊಂದು ಯಂತ್ರ ಮಾಡಿರಿ, ನಿಯಮ ಬದಲಿಸಲು ನಾನು ಮತ್ತೆ ಪ್ರಯತ್ನಿಸುತ್ತೇನೆ ಎಂದೆ.

"ಮಾಡಾಕ ಬರ್ತೈತ್ರಿ. ಮನಸ್ಸು ಬರವಲ್ದು" ಎಂದರು. ಸಿಟ್ಟಿರಲಿಲ್ಲ. ಚಹಾ ಕುಡಿಸಿ ಕಳಿಸಿದರು.

ನಾನು ನಿವೃತ್ತಳಾಗುವವರೆಗೂ ಆ ಷರತ್ತು ಬದಲಾಗಲಿಲ್ಲ. ಮುಂದಿರುವವರ ಸಮಕ್ಕೆ ಬರಲು ನಿಯಮ ಮಾಡುವವರು ಮೊದಲು ತಮ್ಮ ಊರಿನವರ ಕೈಗೆ ಏನು ಮಾಡಲು ಬರುತ್ತದೆಂದು ಹೋಗಿ ನೋಡಬೇಕು. ನಾನೂ ನೋಡಲು ಹೋಗಿದ್ದೆ, ನಿಯಮ ಬರೆದು ಮುಗಿಸಿದ ಮೇಲೆ.