ಪರ್ನೆಲ್ ತನ್ನ ಗಂಡನ ಜೊತೆಗೇ ಮಾಡಿದ ಹಾದರ

ಅಂಬ್ರೋಸ್ ಟಕ್‌ವೆಲ್ ಮಧ್ಯಾಹ್ನ ಉಂಡು ಹೋಗಿ ಸಾಯುತ್ತಿದ್ದ. ಸತ್ತು, ಎದ್ದು, ಮುಖ ತೊಳೆದುಕೊಂಡು, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದು ಕಾಲಿನ ಆಣಿ ನೋಯುತ್ತಿದೆಯೆಂದು ಗೊಣಗುತ್ತ ಕೂರುತ್ತಿದ್ದ. ಅವನ ಅಂಗಿಯ ರಕ್ತ ತೊಳೆಯುವ ಕೆಲಸ ನನ್ನದಾಗಿತ್ತು. ನಮ್ಮ ಕೇರಿ ಸದರ್ಕ್‌ನ ಎರಡು ನಾಟಕದ ಮನೆಗಳ ಅಂಗಿ, ಕಾಲ್ಚೀಲ, ಕೊರಳಪಟ್ಟಿ ಎಲ್ಲ ನನ್ನ ತೊಟ್ಟಿಗೇ ಬರುತ್ತಿದ್ದವು. ರಂಗದ ಮೇಲೆ ಚೆಲ್ಲುವುದು ಕುರಿಯ ರಕ್ತ, ಅದು ತಣ್ಣೀರಿಗೆ ಬಿಡುತ್ತದೆ. ಬಿಸಿನೀರು ತಾಗಿತೋ, ಕಚ್ಚಿ ಕೂತುಬಿಡುತ್ತದೆ.

ಅವನ ಮನೆಗೂ ನನ್ನ ಮನೆಗೂ ನಡುವೆ ಒಂದು ಹಲಗೆಯ ಗೋಡೆ. ಆ ಕಡೆ ಸೀನಿದರೆ ಈ ಕಡೆಯಿಂದ ‘ದೇವರು ಒಳ್ಳೆಯದು ಮಾಡಲಿ’ ಅನ್ನಬಹುದಿತ್ತು. ಆದ್ದರಿಂದ ನಾನು ಹೇಳುವುದರಲ್ಲಿ ಕೇಳಿದ್ದು ಹೆಚ್ಚು, ಊಹೆ ಕಡಿಮೆ.

ಅಂಬ್ರೋಸ್ ಮೊದಲು ಅಂಗಿಯ ಗುಂಡಿ ಮಾಡುವವನ ಹತ್ತಿರ ಕೆಲಸಕ್ಕಿದ್ದ. ದೇವರು ಅವನಿಗೆ ಎತ್ತಿನಂಥ ಮೈಯನ್ನೂ ಚರ್ಚಿನ ಗಂಟೆಯಂಥ ದನಿಯನ್ನೂ ಕೊಟ್ಟು, ಆಡುವುದಕ್ಕೆ ಮಾತು ಕೊಡುವುದನ್ನು ಮರೆತಿದ್ದ. ನಾಟಕದವರು ಅವನನ್ನು ದಿನಗೂಲಿಗೆ ಸೇರಿಸಿಕೊಂಡರು. ಸಿಪಾಯಿ, ಎರಡನೆಯ ಕೊಲೆಗಾರ, ಇಲ್ಲವೇ ಹೆಣ. ಡ್ಯೂಕ್ ಅಲ್ಬೆರಿಗೊನ ದುರಂತ ನಾಟಕ ಶುರುವಾದಾಗ ಅವನಿಗೆ ಸಿಕ್ಕಿದ್ದು ಮೊದಲ ಅಂಕದಲ್ಲೇ ಸತ್ತು ಮಲಗುವ ಪಾತ್ರ. ಒಂದು ದಿನ ಡ್ಯೂಕ್‌ನ ವೇಷದವನು ರಂಗದ ನೆಲಬಾಗಿಲಲ್ಲಿ ಬಿದ್ದು ಕಾಲು ಮುರಿದುಕೊಂಡ. ಮರುದಿನಕ್ಕೆ ಯಾರು? ಹೆಣವಾಗಿ ಬಿದ್ದುಕೊಂಡೇ ಡ್ಯೂಕ್‌ನ ಮಾತನ್ನೆಲ್ಲ ಬಾಯಿಪಾಠ ಮಾಡಿದ್ದ ಅಂಬ್ರೋಸ್ ಎದ್ದು ನಿಂತ. ಮಂಡಳಿಯ ಯಜಮಾನ ಮಾಸ್ಟರ್ ಕ್ರೌಚ್, ಬೇರೆ ಗತಿಯಿಲ್ಲದೆ, ಬೆಳ್ಳಿಯ ಅಂಚಿನ ಕಡುಗೆಂಪು ಮಖಮಲ್ಲಿನ ಮೇಲಂಗಿಯನ್ನು ಅವನ ಹೆಗಲಿಗೆ ಹಾಕಿದ.

ನಾಟಕ ಇಷ್ಟೇ. ಪಾರ್ಮಾ ಎಂಬ ಸೀಮೆಯ ದೊರೆ ಈ ಡ್ಯೂಕ್‌ಗೆ ಹೆಂಡತಿಯೆಂದರೆ ಪ್ರಾಣ. ಹೆಂಡತಿಗೆ ಅವನ ಗುಮಾಸ್ತನೆಂದರೆ ಪ್ರಾಣ. ಅವಳು ದ್ರಾಕ್ಷಾರಸದಲ್ಲಿ ವಿಷ ಬೆರೆಸಿ ಕೊಡುತ್ತಾಳೆ. ಡ್ಯೂಕ್‌ಗೆ ಬಟ್ಟಲ ತಳದ ಬಿಳಿ ಪುಡಿ ಕಾಣುತ್ತದೆ. “ಇದನ್ನು ಕುಡಿದರೆ ನೀನು ಒಮ್ಮೆ ನಗುವೆಯಾ?” ಎಂದು ಕೇಳುತ್ತಾನೆ. ಅವಳು ನಗುತ್ತಾಳೆ. ಅವನು ಕುಡಿಯುತ್ತಾನೆ. ಅದು ಸಾಲದೆಂಬಂತೆ ಗುಮಾಸ್ತ ಬೆನ್ನಿಗೆ ಇರಿಯುತ್ತಾನೆ. ಆಮೇಲೆ ಕತ್ತಿ ಯಾರ ಕೈಗೆ ಸಿಕ್ಕಿತು, ಯಾರು ಯಾರನ್ನು ತಪ್ಪಿ ಚುಚ್ಚಿದರು ಎಂದು ಬರೆದವನಿಗೂ ನೆನಪಿರಲಿಲ್ಲ. ಕೊನೆಗೆ ಒಬ್ಬ ಅಡಿಗೆಯವನು ಉಳಿಯುತ್ತಾನೆ. ಕಡೆಯ ನೀತಿಮಾತು ಹೇಳಲು ಯಾರಾದರೂ ಬೇಕಲ್ಲ.

ನಮ್ಮ ಜನ ಈ ನಾಟಕಕ್ಕೆ ಮರುಳಾದರು. ಅಂಬ್ರೋಸ್ ಬೀದಿಗಿಳಿದರೆ ಮೀನು ಮಾರುವವಳು ಬುಟ್ಟಿ ಕೆಳಗಿಟ್ಟು, “ಅಯ್ಯೋ ತಂದೆ, ಇವತ್ತಾದ್ರೂ ಕುಡೀಬೇಡ ಕಣಪ್ಪ” ಅನ್ನುವಳು. ಕನಿಕರ ಅವನ ಪಾಲಿಗೆ ಬಂದರೆ ಬೈಗುಳ ಅವನ ಹೆಂಡತಿಯ ಪಾಲಿಗೆ ಬಂತು. ನಾಟಕದಲ್ಲಿ ಡ್ಯೂಕ್‌ನ ಹೆಂಡತಿ ಡಚೆಸ್ ಆಗುತ್ತಿದ್ದದ್ದು ಮೀಸೆ ಮೂಡದ ಒಬ್ಬ ಹುಡುಗ. ಅವನನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಪರ್ನೆಲ್ ಟಕ್‌ವೆಲ್ ಅಗ್ಗದ ಕೊಬ್ಬಿನ ಬತ್ತಿ ಕೊಳ್ಳಲು ಹೋದಾಗ ಅಂಗಡಿಯ ಏವಿಸ್ ಪೆಗ್ಗಟ್ ಬತ್ತಿಯನ್ನು ಹಲಗೆಯ ಮೇಲೆ ಎಸೆದಳು.

“ತಗೋ. ಕತ್ಲಲ್ಲಿ ಮಾಡೋ ಕೆಲಸಕ್ಕೆ ಬತ್ತಿ ಯಾಕೋ ಕಾಣೆ.”

“ಏನಂದೆ?”

“ಬಂಗಾರದಂಥ ಗಂಡ. ಗುಮಾಸ್ತನ್ನ ಕಟ್ಕೊಂಡು ಕುಣೀತೀಯಲ್ಲೇ!”

“ಯಾವ ಗುಮಾಸ್ತನೇ? ನಂಗೆ ಓದೋಕೇ ಬರಲ್ಲ!”

“ಓದೋಕೇ ಅಂತ ಯಾರು ಇಟ್ಕೋತಾರೆ ಬಿಡು.”

ಪರ್ನೆಲ್ ಕೈಗವಸು ಹೊಲಿಯುವವನ ಮಗಳು. ಬೆರಳು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಮದುವೆಯಾಗಿ ಏಳೆಂಟು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಗಂಡ ಮನೆಯಲ್ಲಿ ಆಡುತ್ತಿದ್ದದ್ದು ಆಣಿ, ಅಜೀರ್ಣ ಮತ್ತು ಎಲೆಕೋಸಿನ ವಿಷಯ. ಅವಳು ನಾಟಕದ ಮನೆಗೆ ಕಾಲಿಟ್ಟವಳೇ ಅಲ್ಲ. ಆ ದಿನ ಬತ್ತಿಯನ್ನು ಅಲ್ಲೇ ಬಿಟ್ಟು ನೇರ ನನ್ನ ತೊಟ್ಟಿಯ ಹತ್ತಿರ ಬಂದಳು.

“ಥಾಮಸಿನ್, ಏಳು. ನಾನೇನು ಪಾಪ ಮಾಡಿದೀನಿ ಅಂತ ನೋಡ್ಕೊಂಡು ಬರೋಣ.”

ಹೋದೆವು. ರಂಗದ ಮುಂದೆ ಅಗ್ಗದವರು ನಿಲ್ಲುವ ನೆಲದಲ್ಲಿ ನಿಂತೆವು. ಸುತ್ತಲೂ ಬೆಳ್ಳುಳ್ಳಿಯ ಉಸಿರು, ಕಾಲಡಿ ಜನ ತಿಂದೆಸೆದ ಹೇಜಲ್ ಕಾಯಿಯ ಸಿಪ್ಪೆ. ಮೊದಲು ಅವಳು, “ಅದು ನನ್ ಗಂಡನ ಕಾಲ್ಚೀಲ, ನಾನೇ ಹೆಣೆದಿದ್ದು” ಎಂದು ಪಿಸುಗುಟ್ಟುತ್ತಿದ್ದಳು. ಡ್ಯೂಕ್ ಬಾಯಿಬಿಟ್ಟ ಮೇಲೆ ಸುಮ್ಮನಾದಳು. ಬಟ್ಟಲಿನ ದೃಶ್ಯ ಬಂತು. ಅವನು ಪುಡಿಯನ್ನು ನೋಡಿ, ಹೆಂಡತಿಯ ಮುಖ ನೋಡಿ, ಆ ಮಾತು ಕೇಳಿದಾಗ ಪರ್ನೆಲ್ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಅವಳ ಉಗುರಿನ ಗುರುತು ಬಹಳ ದಿನ ಉಳಿದಿತ್ತು.

“ಎಂಥಾ ಮನುಷ್ಯ!” ಅಂದಳು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. “ಯಾರೇ ಇದು, ಥಾಮಸಿನ್?”

“ನಿನ್ ಗಂಡ ಕಣೇ.”

“ಛೇ, ಹೋಗೇ.”

ಸಂಜೆ ಅಂಬ್ರೋಸ್ ಮನೆಗೆ ಬಂದ. ಗೋಡೆಯಾಚೆ ಅವನು ಬೂಟು ಕಳಚುವ ಸದ್ದು, ಆಮೇಲೆ ಗೊಣಗಾಟ. ಪರ್ನೆಲ್ ಕೇಳಿದಳು:

“ಅವ್ರು ಬರಲಿಲ್ವಾ?”

“ಯಾರು?”

“ಅದೇ, ಪಾರ್ಮಾದವರು.”

ಮೊದಲು ನಕ್ಕ. ಅವಳು ನಗಲಿಲ್ಲ. ಕೊನೆಗೆ ಹೆಂಡತಿಯ ಮನಸ್ಸು ನೋಯಿಸಬಾರದೆಂದು ಎದ್ದು ನಿಂತು ಡ್ಯೂಕ್‌ನ ಮಾತು ಹೇಳಲು ನೋಡಿದ. ಮೇಲಂಗಿ ಇಲ್ಲದೆ ಮಾತು ಬರಲೇ ಇಲ್ಲ. ಎಷ್ಟು ತಿಣುಕಿದರೂ ಎಲೆಕೋಸೇ ಬಂತು.

ಆಮೇಲೆ ಅಂಬ್ರೋಸ್ ಮಾಡಿದ್ದು ನಾಟಕದವರ ಪಾಲಿಗೆ ಕೊಲೆಗಿಂತ ದೊಡ್ಡ ಅಪರಾಧ. ವೇಷದ ಬಟ್ಟೆ ತೊಟ್ಟು ನಾಟಕದ ಮನೆಯ ಹೊಸ್ತಿಲು ದಾಟಿದವನಿಗೆ ಕೆಲಸ ಹೋಯಿತೆಂದೇ ಅರ್ಥ. ಆ ಮೇಲಂಗಿಯ ಬೆಲೆಗೆ ಅಂಬ್ರೋಸ್‌ನಂಥ ಹತ್ತು ಜನ ಸಿಗುತ್ತಿದ್ದರು ಎಂದು ಮಾಸ್ಟರ್ ಕ್ರೌಚ್ ಅವನೆದುರಿಗೇ ಹೇಳುತ್ತಿದ್ದ. ಆದರೂ ಅವನು ನಾಟಕ ಮುಗಿದ ಮೇಲೆ ಅದನ್ನು ತೊಟ್ಟು, ಟೋಪಿ ಮುಖಕ್ಕೆಳೆದುಕೊಂಡು, ನದಿ ದಂಡೆಯ ಮಬ್ಬಿನಲ್ಲಿ ಮನೆಗೆ ಬರತೊಡಗಿದ. ಬೆಳಗಾಗುತ್ತಲೇ ಒಯ್ದು ಗೂಟಕ್ಕೆ ನೇತುಹಾಕುತ್ತಿದ್ದ.

ಅಂಥ ಸಂಜೆಗಳಲ್ಲಿ ಗೋಡೆಯಾಚೆಯಿಂದ ಕೇಳುತ್ತಿದ್ದ ಮಾತೇ ಬೇರೆ. “ತಾವು ಬಂದಿರಾ? ಬೆಂಕಿ ಹತ್ರ ಕೂತ್ಕೊಳ್ಳಿ. ತಮ್ಮ ಕೈ ಎಷ್ಟು ತಣ್ಣಗಿದೆ!” ಗಂಡನನ್ನು ‘ಏ, ನೀನು’ ಎಂದೇ ಕರೆಯುತ್ತಿದ್ದವಳು! ಮಿಕ್ಕ ಸದ್ದುಗಳನ್ನು ನಾನು ಕೇಳಿಸಿಕೊಳ್ಳಲಿಲ್ಲ ಎಂದರೆ ನೀವು ನಂಬುವುದಿಲ್ಲ, ಬಿಡಿ. ಹಲಗೆ ತೆಳುವಾಗಿತ್ತು.

ಮೊದಮೊದಲು ಅಂಬ್ರೋಸ್ ಬೆಣ್ಣೆ ಕದ್ದ ಬೆಕ್ಕಿನಂತೆ ಓಡಾಡಿದ. ಕ್ರಮೇಣ ಮುಖ ಸೊರಗಿತು. ಒಂದು ಬೆಳಗ್ಗೆ ನನ್ನ ತೊಟ್ಟಿಯ ಅಂಚಿನ ಮೇಲೆ ಬಂದು ಕೂತ.

“ಥಾಮಸಿನಕ್ಕಾ, ಪರ್ನೆಲ್‌ಗೂ ಅವನಿಗೂ ಅತಿಯಾಯ್ತು.”

“ಯಾರಿಗೋ?”

“ಆ ಡ್ಯೂಕ್‌ಗೆ. ಅವನು ಬಂದ್ರೆ ಹುರಿದ ಕೋಳಿ. ನಾನು ಬಂದ್ರೆ ಬಟಾಣಿ ಗಂಜಿ.”

“ಕೋಳಿ ಯಾರ ಹೊಟ್ಟೆಗೆ ಹೋಗುತ್ತೆ?”

“ನನ್ ಹೊಟ್ಟೆಗೇ.”

“ಮತ್ತೇನು ನಿನ್ ಗೋಳು?”

“ತಿನ್ನೋವಾಗ ಅವಳು ನೋಡ್ತಾಳಲ್ಲ, ಆ ನೋಟ ನಂಗಲ್ಲ ಅಕ್ಕಾ.” ತೊಟ್ಟಿಯ ಕೆಂಪು ನೀರನ್ನೇ ನೋಡುತ್ತ, “ಒಂದಿನ ಅವನಿಗೊಂದು ಗತಿ ಕಾಣಿಸ್ತೀನಿ” ಅಂದ.

ನನಗೆ ನಗು ಬಂತು. ಅವನ ಮುಖ ನೋಡಿ ನುಂಗಿಕೊಂಡೆ. ಅಷ್ಟು ದೊಡ್ಡ ಗಂಡಸು, ತನ್ನ ಮೇಲೇ ಹೊಟ್ಟೆಕಿಚ್ಚುಪಟ್ಟು ಬಡವಾಗುತ್ತಿದ್ದ.

ಅಷ್ಟರಲ್ಲಿ ಏವಿಸ್ ಪೆಗ್ಗಟ್ ತನ್ನ ಕಿಟಕಿಯಿಂದ ಕಾಣಬೇಕಾದ್ದನ್ನು ಕಂಡಿದ್ದಳು: ಕೆಂಪು ಮಖಮಲ್ಲು ತೊಟ್ಟ ಯಾರೋ ದೊಡ್ಡ ಮನುಷ್ಯ ಪರ್ನೆಲ್‌ಳ ಮನೆ ಹೊಕ್ಕದ್ದು. ಸುದ್ದಿ ಬೀದಿಯ ತುದಿ ಮುಟ್ಟಲು ಒಂದು ಹೊತ್ತೂ ಬೇಕಾಗಲಿಲ್ಲ. ಮುಂದಿನ ಹಬ್ಬದ ದಿನ ಜನ ಬಾಣಲೆ, ತಪ್ಪಲೆ, ಇಕ್ಕಳ ಬಡಿಯುತ್ತ ಬಂದು, ಹೆಂಡತಿಯನ್ನು ಹದ್ದುಬಸ್ತಿನಲ್ಲಿಡದ ಗಂಡನಿಗೆ ನಮ್ಮಲ್ಲಿ ಸಲ್ಲುವ ಮರ್ಯಾದೆಯಾಗಿ ಬಾಗಿಲಿಗೆ ಟಗರಿನ ಕೊಂಬು ಕಟ್ಟಿದರು. ಅಂಬ್ರೋಸ್ ಹೊರಗೆ ಬಂದ. ಅಷ್ಟೊಂದು ಜನ ತನ್ನತ್ತ ನೋಡುತ್ತಿರುವುದು ಕಂಡು, ಅಭ್ಯಾಸಬಲ, ಎದೆಗೆ ಕೈಯಿಟ್ಟು ಬಾಗಿ ನಮಸ್ಕರಿಸಿದ. ಜನ ಚಪ್ಪಾಳೆ ತಟ್ಟಿದರು. ಒಳಗಿಂದ ಪರ್ನೆಲ್ ಒಂದು ಕೊಡ ಕೊಳಕು ನೀರು ಎರಚುವವರೆಗೆ ಆ ಸಂಭ್ರಮ ನಿಲ್ಲಲಿಲ್ಲ.

ಚರ್ಚಿನವರು ದೂರು ಕೊಟ್ಟರು. ಹೆಂಡತಿ ಗಂಡಂದಿರ ನಡತೆ ವಿಚಾರಿಸುವ ಚರ್ಚಿನ ಕೋರ್ಟನ್ನು ನಾವು ಹಾದರದ ಕೋರ್ಟು ಎಂದೇ ಕರೆಯುತ್ತಿದ್ದೆವು. ಪರ್ನೆಲ್ ಅಲ್ಲಿ ತಲೆಯೆತ್ತಿ ನಿಂತಳು.

“ಮನೆಗೆ ಬರುತ್ತಿದ್ದವನು ಯಾರಮ್ಮಾ?” ಎಂದು ನ್ಯಾಯಾಧೀಶರು ಕೇಳಿದರು.

“ನನ್ ಗಂಡ, ಸ್ವಾಮಿ.”

“ನಿನ್ನ ಗಂಡನಿಗೆ ಮಖಮಲ್ಲಿನ ಮೇಲಂಗಿ ಇದೆಯೋ?”

“ಅದನ್ನ ಅವನನ್ನೇ ಕೇಳಿ.”

ನಾನೂ ಸಾಕ್ಷಿ ಹೇಳಿದೆ. ಬರುತ್ತಿದ್ದವನು ಅಂಬ್ರೋಸನೇ, ಕೆಮ್ಮಿನಲ್ಲೇ ಗುರುತು ಹಿಡಿಯಬಲ್ಲೆ ಅಂದೆ. ನ್ಯಾಯಾಧೀಶರು, “ಕೆಮ್ಮು ಎಲ್ಲರಿಗೂ ಬರುತ್ತದೆ” ಎಂದು ಕೆಮ್ಮಿದರು. ಆಮೇಲೆ ಅಂಬ್ರೋಸ್‌ನನ್ನು ಕರೆದರು. ಬಾಗಿಲ ಬಳಿ ಮಾಸ್ಟರ್ ಕ್ರೌಚ್ ನಿಂತಿದ್ದ. ಅಂಬ್ರೋಸ್ ಹೆಂಡತಿಯ ಕಡೆ ನೋಡಿದ, ಯಜಮಾನನ ಕಡೆ ನೋಡಿದ. ಹೌದೆಂದರೆ ಕೆಲಸ ಹೋಗುತ್ತದೆ, ಡ್ಯೂಕ್ ಕೈತಪ್ಪುತ್ತಾನೆ.

“ನಾನಲ್ಲ,” ಅಂದ. “ಯಾರೋ ಗೊತ್ತಿಲ್ಲ.”

ಅವನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಪರ್ನೆಲ್ ಅವನನ್ನು ನೋಡಿದಳು, ಅಷ್ಟೆ. ಭಾನುವಾರ ಪ್ರಾರ್ಥನೆಯ ಹೊತ್ತಿನಲ್ಲಿ ಬರಿಗಾಲಲ್ಲಿ, ಬಿಳಿ ಬಟ್ಟೆ ಹೊದ್ದು, ಕೈಯಲ್ಲಿ ಮೇಣದಬತ್ತಿ ಹಿಡಿದು ಊರೆದುರು ನಿಲ್ಲಬೇಕೆಂದು ಅವಳಿಗೆ ಶಿಕ್ಷೆಯಾಯಿತು.

ಆ ಭಾನುವಾರ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ದೇವರ ಮೇಲೆ ಭಕ್ತಿ ಇಲ್ಲದವರೂ ಬಂದಿದ್ದರು. ಏವಿಸ್ ಮುಂದಿನ ಬೆಂಚು ಹಿಡಿದಿದ್ದಳು. ಪರ್ನೆಲ್ ಎತ್ತರದ ಪೀಠದ ಮೇಲೆ ನಿಂತಿದ್ದಳು. ಆ ಹೊದಿಕೆಯನ್ನು ಒಗೆದು ಕೊಟ್ಟವಳು ನಾನೇ, ಇದ್ದುದರಲ್ಲಿ ಬೆಳ್ಳಗೆ ಮಾಡಿದ್ದೆ. ಪಾದ್ರಿ ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಬಾಗಿಲು ಕಿರ್ರೆಂದಿತು. ನೋಡಿದರೆ, ಬೆಳ್ಳಿ ಅಂಚಿನ ಕೆಂಪು ಮೇಲಂಗಿ ತೊಟ್ಟು ಡ್ಯೂಕ್ ಅಲ್ಬೆರಿಗೊ ನಡುಹಾದಿಯಲ್ಲಿ ನಡೆದು ಬರುತ್ತಿದ್ದಾನೆ.

“ಅವಳು ಪರಿಶುದ್ಧೆ!” ಎಂದ. ಕಿಟಕಿಯ ಗಾಜು ಅದುರಿತು. “ಆ ಮನೆಗೆ ಬಂದವನು ನಾನು. ಕಟ್ಟಿಕೊಂಡ ಗಂಡನೇ ಕದ್ದು ಬಂದೆ. ಕೋರ್ಟಿನಲ್ಲಿ ಸುಳ್ಳಾಡಿದವನೂ ನಾನೇ. ಶಿಕ್ಷೆ ನನಗಾಗಲಿ!”

ಮೀನು ಮಾರುವವಳು ಬಿಕ್ಕಿ ಬಿಕ್ಕಿ ಅತ್ತಳು. “ನೋಡ್ರೋ, ದ್ರೋಹ ಮಾಡಿದ ಹೆಂಡ್ತಿಗೋಸ್ಕರ ತಪ್ಪು ತನ್ ಮೇಲೆ ಎಳ್ಕೋತಿದಾನೆ!” ಹೆಂಗಸರೆಲ್ಲ ತಲೆವಸ್ತ್ರದ ಅಂಚು ಕಣ್ಣಿಗೊತ್ತಿಕೊಂಡರು. ಹಿಂದಿನಿಂದ ಯಾರೋ, “ಭೇಷ್ ಅಂಬ್ರೋಸ್!” ಎಂದು ಕೂಗಿದ. ಅವನು ಕೈ ಮುಗಿದು, “ನಾಟಕ ಅಲ್ಲ ಕಣ್ರಯ್ಯಾ, ನಿಜ, ನಿಜವಾಗ್ಲೂ ನಾನೇ” ಎಂದು ಬೇಡಿಕೊಂಡಷ್ಟೂ ಜನ, ಎಷ್ಟು ಚೆನ್ನಾಗಿ ಮಾಡುತ್ತಾನೆಂದು ಇನ್ನಷ್ಟು ಅತ್ತರು. ನನ್ನನ್ನೂ ಪರ್ನೆಲ್‌ಳನ್ನೂ ಬಿಟ್ಟರೆ ನಂಬಿದವನು ಇಡೀ ಚರ್ಚಿನಲ್ಲಿ ಒಬ್ಬನೇ, ಮಾಸ್ಟರ್ ಕ್ರೌಚ್. ಅವನು ಎದ್ದು ಬಂದು, ದೇವರ ಎದುರೇ ಮೇಲಂಗಿ ಬಿಚ್ಚಿಸಿಕೊಂಡು, ಅಂಚಿನ ಬೆಳ್ಳಿಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ, ಮಡಿಸಿ ಕಂಕುಳಿಗೆ ಸೇರಿಸಿದ.

“ನಾಳೆಯಿಂದ ಬರಬೇಡ,” ಅಂದ.

ಪಾದ್ರಿ, ವೇಷದಲ್ಲಿ ಆಡಿದ ಮಾತು ಸಾಕ್ಷಿಯಾಗದೆಂದು ಹೇಳಿ, ಪ್ರಾರ್ಥನೆ ಮುಂದುವರಿಸಿದರು. ಪರ್ನೆಲ್ ಕಡೆಯವರೆಗೂ ನಿಂತೇ ಇದ್ದಳು.

ಮನೆ ಬಾಗಿಲಲ್ಲಿ ಅವಳು ಗಂಡನನ್ನು ತಡೆದಳು.

“ಆ ಮನುಷ್ಯ ವಿಷ ಅಂತ ಗೊತ್ತಿದ್ದೂ ಒಂದೇ ಗುಟುಕಿಗೆ ಕುಡಿದ. ನಿಂಗೆ ‘ನಾನೇ’ ಅನ್ನೋಕೆ ಎಷ್ಟು ದಿನ ಬೇಕಾಯ್ತು?”

“ಹೆದರ್ಕೊಂಡೆ ಕಣೇ.”

“ನನ್ನ ಮಾನ ಹೋಗುತ್ತೆ ಅಂತಲ್ಲ, ಬಟ್ಟೆ ಹೋಗುತ್ತೆ ಅಂತ.”

ಅವಳು ಬಾಗಿಲು ಹಾಕಿಕೊಂಡಳು. ಆ ಚಳಿಗಾಲವನ್ನು ಅವನು ನನ್ನ ಒಗೆಯುವ ಕೊಟ್ಟಿಗೆಯಲ್ಲಿ ಕಳೆದ. ಮಾವ ಅವನಿಗೊಂದು ಕೆಲಸ ಕೊಟ್ಟ: ಕೈಗವಸಿನ ತೊಗಲು ಮೆತ್ತಗಾಗಲು ಬೇಕಾದ ನಾಯಿಯ ಹೇಲನ್ನು ಬೀದಿಬೀದಿ ತಿರುಗಿ ಆಯುವುದು. ಪಾರ್ಮಾದ ಡ್ಯೂಕ್ ಬುಟ್ಟಿ ಹಿಡಿದು ಕರಡಿ ಕಾಳಗದ ಅಂಗಳದ ನಾಯಿಗಳ ಹಿಂದೆ ಹೋಗುವುದನ್ನು ಕಂಡು ಜನ ಟೋಪಿ ತೆಗೆಯುತ್ತಿದ್ದರು. ದುಃಖದಿಂದ ಬುದ್ಧಿ ಕೆಟ್ಟಿದೆ ಪಾಪ, ಎನ್ನುತ್ತಿದ್ದರು.

ವಸಂತದ ಹೊತ್ತಿಗೆ ಒಂದು ಸಂಜೆ ಅವನು ಹೆಂಡತಿಯ ಬಾಗಿಲಲ್ಲಿ ನಿಂತು, ಇವತ್ತು ಒಂದು ನಾಯಿ ಬುಟ್ಟಿಯನ್ನೇ ಕಚ್ಚಿಕೊಂಡು ಓಡಿತು, ಅದರ ಹಿಂದೆ ಓಡಿ ಆಣಿ ಕಿತ್ತುಹೋಯಿತು, ಈಗ ನೋವೇ ಇಲ್ಲ ಎಂದು ವರದಿ ಒಪ್ಪಿಸಿದ. ಒಳಗಿಂದ ಪರ್ನೆಲ್ ನಗುವುದು ಕೇಳಿಸಿತು. ನಕ್ಕೂ ನಕ್ಕೂ ಬಿಕ್ಕಳಿಕೆ ಬಂತು. “ಮೊದ್ಲು ಥಾಮಸಿನ್ ಹತ್ರ ಹೋಗಿ ಮೈ ತೊಳ್ಕೊಂಡು ಬಾ” ಅಂದಳು. ನಾನು ಬೂದಿನೀರಲ್ಲಿ ಅವನನ್ನು ಕುದುರೆಯಂತೆ ತಿಕ್ಕಿ ಕಳಿಸಿದೆ.

ಮರುವರ್ಷ ಹೆಣ್ಣುಮಗು ಹುಟ್ಟಿತು. ಊರಿಗೆ ಅನುಮಾನವೇ ಇರಲಿಲ್ಲ: ಅದು ಮಖಮಲ್ಲಿನವನ ಮಗು. ಆದರೆ ದೊಡ್ಡವರ ರಕ್ತ ನೋಡಿ, ಬೈಯುವುದು ಹೇಗೆ? ಏವಿಸ್ ಪೆಗ್ಗಟ್ ಜೇನುಮೇಣದ ಒಳ್ಳೆಯ ಬತ್ತಿಗಳನ್ನು ಉಡುಗೊರೆಯಾಗಿ ಹೊತ್ತು ತಂದು, ತೊಟ್ಟಿಲ ಮುಂದೆ ಮಂಡಿ ಬಗ್ಗಿಸಿ ವಂದಿಸಿದಳು. ಮಗುವಿನ ಮೂಗು ಅಂಬ್ರೋಸ್‌ನದೇ, ನಡುವೆ ಗೆಣಸಿನಂತೆ ಉಬ್ಬಿತ್ತು.

“ಮೂಗು ನೋಡಿ, ಮೂಗು!” ಎಂದು ಅಂಬ್ರೋಸ್ ತನ್ನ ಮೂಗನ್ನು ಮಗುವಿನ ಪಕ್ಕಕ್ಕೆ ಹಿಡಿದು ತೋರಿಸಿದ.

ಏವಿಸ್ ಎರಡನ್ನೂ ಬಹಳ ಹೊತ್ತು ನೋಡಿದಳು. “ದೊಡ್ಡ ಮನೆತನದ ಮೂಗು ಹೀಗೇ ಇರೋದು,” ಅಂದಳು. “ನೀನು ಸ್ವಲ್ಪ ಆ ಕಡೆ ಸರಿ, ಮಗೂಗೆ ಗಾಳಿ ಬರಲಿ.”