ಚಿತ್ತಜ್ಜನ ಕುರಿದಾರಿ

ಸಂಜೆ ಐದೂವರೆಗೆ ಅರವತ್ತು ಕುರಿಗಳು ನಮ್ಮ ಮುಂದಿನ ಗೇಟಿನಿಂದ ಒಳಗೆ ಬಂದು, ಬಾವಿ ಸುತ್ತಿ, ಹಿತ್ತಲ ಗೇಟಿನಿಂದ ಹೊರಗೆ ಹೋಗುತ್ತಿದ್ದವು. ಅವುಗಳ ಹಿಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಮನೆ ಯಜಮಾನನ ಗತ್ತಿನಲ್ಲಿ ಚಿತ್ತಜ್ಜ. ಎಪ್ಪತ್ತರ ದಶಕದಲ್ಲಿ, ಚಿತ್ರದುರ್ಗದಿಂದ ಮದಕರಿಪುರದ ಕಡೆಗೆ ಎದ್ದ ಹೊಸ ಬಡಾವಣೆಯಲ್ಲಿ, ಇಂಥ ಮೆರವಣಿಗೆಯ ಭಾಗ್ಯ ಇದ್ದದ್ದು ನಮ್ಮ ಮನೆಗೊಂದೇ.

ನಮಗಿಂತ ಮುಂಚೆ ಮೂವರು ಆ ಮನೆಯನ್ನು ಮಾರಿ ಕೈತೊಳೆದುಕೊಂಡಿದ್ದರು. "ಯಾರಿಗೂ ಆಗಿಬರಲ್ಲ ಸಾರ್ ಅದು" ಎಂದು ಎದುರುಮನೆಯವರು ಮೇಷ್ಟರಾದ ಅಪ್ಪನನ್ನು ಹೆದರಿಸಿದ್ದರು. ದೆವ್ವ ಇರಬಹುದೆಂದು ನಾನು ಖುಷಿಪಟ್ಟಿದ್ದೆ. ಬಂದ ಮೊದಲ ಸಂಜೆಯೇ ಕುರಿ ಕಂಡವು.

ಮನೆಯ ಚರಿತ್ರೆಯನ್ನು ಹೇಳಿದವನೂ ಚಿತ್ತಜ್ಜನೇ. ಗೇಟಿಗೊರಗಿ, ಎಲೆಅಡಿಕೆ ಜಗಿಯುತ್ತ ಶುರುಮಾಡಿದ. "ಕಟ್ಸಿದ ಸಾವ್ಕಾರ್ರು ಗೇಟಿಗೆ ಬೀಗ ಜಡಿದ್ರು. ನನ್ನ ಕುರಿ ಅಲ್ಲೇ ನಿಂತು ಒಂದೇ ಸಮ ಅರಚಿದ್ವು. ಎರಡನೇರು ನಾಯಿ ತಂದ್ರು. ಅದು ನಮ್ಮ ಮಂದೆ ಹಿಂದೇನೇ ಬಂದ್ಬಿಡ್ತು, ಈಗ ನಂತಾವೇ ಐತೆ. ಮೂರನೇ ಸಾಹೇಬ್ರು ಪೊಲೀಸಪ್ಪನ್ನ ಕರೆಸಿದ್ರು. ಅವಂದೂ ಕುರಿ ಕಾಯೋ ಮನೆತನ! ಕುರಿಗೆ ಹೇಳಿದ್ರೆ ತಿಳೀತೈತಾ ಸಾರ್ ಅಂತ ಟೀ ಕುಡ್ದು ಹೋದ."

ಅಪ್ಪನಿಗೆ ನಗು ಬರಲಿಲ್ಲ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಎಂದು ಬಾಡಿಗೆ ಮನೆಗಳಲ್ಲಿ ಪಾತ್ರೆಪಗಡೆ ಹೊತ್ತು ತಿರುಗಿದ ಅಮ್ಮ, "ಈ ಮನೆಯನ್ನೂ ಬಿಟ್ಟು ಹೋಗೋದಾದ್ರೆ ನನ್ನನ್ನು ಕರೀಬೇಡಿ" ಎಂದಿದ್ದಳು. ಅವಳು ನೆಟ್ಟ ಕನಕಾಂಬರವನ್ನು ಕುರಿ ಎರಡು ಸಲ ಮೇದಿದ್ದವು. ಹಿತ್ತಲ ಗೇಟು ಕಿತ್ತು ಗೋಡೆ ಎಬ್ಬಿಸುವುದೆಂದು ತೀರ್ಮಾನವಾಗಿ, ಕಲ್ಲು ಬಂತು, ಗಾರೆಯವನೂ ಬಂದ.

ದಾರಿಯ ಹಕ್ಕು ಏನಾದರೂ ಬರೆದಿದೆಯೇ ನೋಡೋಣವೆಂದು ಅಪ್ಪ ಕ್ರಯಪತ್ರಗಳ ಗಂಟು ಬಿಚ್ಚಿದರು. ದಾರಿಯ ಮಾತಿರಲಿಲ್ಲ. ಆದರೆ ಎಲ್ಲಕ್ಕಿಂತ ಹಳೆಯ ಪತ್ರದಲ್ಲಿ, ಜಮೀನು ಮಾರಿದವರ ಜಾಗದಲ್ಲಿ, ದಪ್ಪನೆಯ ಹೆಬ್ಬೆಟ್ಟಿನ ಗುರುತು. ಪಕ್ಕದಲ್ಲಿ ಚಿತ್ತಯ್ಯ ಬಿನ್ ಕಾಟಯ್ಯ ಎಂದಿತ್ತು. ಮೂರೂ ಮಾರಾಟದ ಕಥೆ ಹೇಳಿದವನು ಅವಕ್ಕೂ ಮುಂಚಿನ ತನ್ನ ಮಾರಾಟವನ್ನು ಮಾತ್ರ ನುಂಗಿಕೊಂಡಿದ್ದ.

ಸಂಜೆ ಅಪ್ಪ ಕೇಳಿಯೇಬಿಟ್ಟರು. ಚಿತ್ತಜ್ಜ ಕೋಲಿನ ತುದಿಯಿಂದ ಮಣ್ಣು ಕೆದಕುತ್ತ ನಿಂತ.

"ಹೂಂ ಸಾಮಿ, ನಮ್ಮಪ್ಪನ ಹೊಲ. ಕುರಿಗೇನು, ಹೊಡ್ಕಂಡು ಹೋದ್ರೆ ರಸ್ತೇಲೂ ಹೋಗ್ತಾವೆ. ದಿನಕ್ಕೊಂದ್ಸಲ ನಾನಿಲ್ಲಿ ಕಾಲಿಡ್ಬೇಕಲ್ಲ?"

ಅಪ್ಪ ನನ್ನ ಕಡೆ ನೋಡಿದರು, ನಾನು ಅಮ್ಮನ ಕಡೆ. ಅಮ್ಮ ಗಾರೆಯವನಿಗೆ ಕಾಫಿ ಕೊಟ್ಟು ಕಳಿಸಿಬಿಟ್ಟಳು. ಆ ಕಲ್ಲುಗಳು ಕನಕಾಂಬರದ ಸುತ್ತ ಕಟ್ಟೆಯಾದವು. ಬಿದ್ದ ಹಿಕ್ಕೆಯೆಲ್ಲ ಗಿಡಕ್ಕೆ ಗೊಬ್ಬರ. ಹೂ ಹೇಗೆ ಬಿಟ್ಟಿತೆಂದರೆ, ಹೆದರಿಸಿದ್ದ ಎದುರುಮನೆಯವರೇ ದಿನಾ ಮೊಳ ಹೂವಿಗೆ ಬರತೊಡಗಿದರು. ಕುರಿ ತಡವಾದರೆ ಅಮ್ಮ ರಸ್ತೆಗಿಳಿದು ನೋಡುತ್ತಿದ್ದಳು.

ಹೀಗೆ ನಾಲ್ಕು ವರ್ಷ. ಆಮೇಲೆ ಅಜ್ಜನ ಮಂಡಿ ಸೋತಿತು. ಮಂದೆಯನ್ನು ಹರಿಯಬ್ಬೆಯ ಅಳಿಯನಿಗೆ ಒಪ್ಪಿಸಿ, ತಾನೂ ಮಗಳ ಮನೆಗೆ ಹೊರಟ. ಹೊರಡುವ ಬೆಳಿಗ್ಗೆ ಹೇಳಿಹೋಗಲು ಬಂದು, ಗೇಟಿನಾಚೆಯೇ ನಿಂತ. ಕುರಿಯಿಲ್ಲದ ಚಿತ್ತಜ್ಜನನ್ನು ನಾನು ನೋಡಿದ್ದು ಅದೊಂದೇ ಸಲ. ಯಾರದೋ ಮನೆಗೆ ಬಂದ ಅಪರಿಚಿತನ ಹಾಗೆ ಕಂಡ.

"ಒಳಗೆ ಬರ್ರಿ ಅಜ್ಜ, ಕುಂತ್ಕಳ್ರಿ" ಎಂದು ಅಮ್ಮ ಗೇಟು ತೆರೆದಳು.

ಅವನು ಬಾವಿಯ ಕಡೆಗೊಮ್ಮೆ ನೋಡಿ ಕೈಮುಗಿದ.

"ಕುರಿ ಇಲ್ದೆ ಯಾವ ನೆಪ ಹೇಳ್ಕಂಡು ಬರ್ಲವ್ವ?" ಎಂದವನು, ರಸ್ತೆ ಹಿಡಿದು ಹೊರಟುಹೋದ.