ಈಜುಕೊಳಕ್ಕೆ ನಾನು ಕೊಟ್ಟ ಚಿಕಿತ್ಸೆ

ನನಗೆ ಈಜು ಬಾರದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಈಜುಕೊಳದ ವಿಚಾರವಾಗಿ ನಾನು ಇಷ್ಟು ಅಧಿಕಾರದಿಂದ ಮಾತಾಡುವುದನ್ನು ಕಂಡು ನೀವು ನನ್ನನ್ನು ದೊಡ್ಡ ಈಜುಗಾರನೆಂದು ತಿಳಿದುಬಿಟ್ಟೀರಿ. ಕೊಳಕ್ಕೆ ನಾನು ಇಳಿದದ್ದುಂಟು, ಆದರೆ ಅದರಲ್ಲಿ ನೀರಿಲ್ಲದಾಗ ಮಾತ್ರ. ಬರಿದಾದ ಕೊಳದ ತಳದಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು, ಗೋಡೆಗೆ ಮೂಗು ತಾಗಿಸಿ ನಿಂತು ನಾನು ಕಲಿತದ್ದು, ಈಜುಗಾರರು ನೀರಿನಲ್ಲಿ ಕಲಿಯುವುದಕ್ಕಿಂತ ಹೆಚ್ಚು ಎಂದೇ ನನ್ನ ಅಭಿಪ್ರಾಯ. ನನ್ನ ಹೆಂಡತಿಯ ಅಭಿಪ್ರಾಯ ಬೇರೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಆಗ ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಆ ಊರಿಗೆ ವರ್ಗವಾಗಿ ಬಂದವರನ್ನು ಯಾರೂ ನೀರು ಸಿಹಿಯೋ ಉಪ್ಪೋ ಎಂದು ಕೇಳುತ್ತಿರಲಿಲ್ಲ. 'ನಿಮ್ಮ ಬಾವಿ ನೀರಲ್ಲಿ ಬೇಳೆ ಬೇಯುತ್ತಾ?' ಎಂದು ಕೇಳುತ್ತಿದ್ದರು. ನಮ್ಮ ಬಾವಿಯ ನೀರಲ್ಲಿ ಬೇಯುತ್ತಿರಲಿಲ್ಲ. ಬೇಲೂರಿನ ಕಡೆಯಿಂದ ಬಂದ ನನ್ನ ಹೆಂಡತಿ ಮೊದಲ ದಿನ ಒಲೆಗೆ ತೊಗರಿಬೇಳೆ ಇಟ್ಟು, ಸೌದೆ ಮುಗಿಯುವವರೆಗೂ ಕಾದು, ಕೊನೆಗೆ ಅದೇ ಬೇಳೆಯನ್ನು ರುಬ್ಬಿ ಸಾರು ಮಾಡಿದಳು. ಅದೇ ನೀರಿನಲ್ಲಿ ಸೋಪು ನೊರೆ ಕೊಡುವ ಬದಲು ಒಡೆದ ಹಾಲಿನಂತಾಗುತ್ತಿತ್ತು. ಬಚ್ಚಲಿನ ಹಂಡೆಯ ಒಳಗೆ ವರ್ಷವಿಡೀ ಬಿಳಿಯ ಹಕ್ಕಳೆ ಕಟ್ಟುತ್ತಿತ್ತು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮುಂಚೆ ಅವಳು ಹಂಡೆಯನ್ನು ಮಗ್ಗುಲಾಗಿಸಿ, ಹುಣಸೇಹಣ್ಣು ಮತ್ತು ತೆಂಗಿನ ನಾರು ಹಿಡಿದು ಒಂದು ಮಧ್ಯಾಹ್ನವೆಲ್ಲ ಅದರೊಳಗೆ ತಲೆ ಹಾಕಿಕೊಂಡು ಇರುತ್ತಿದ್ದಳು. ಜಂಕ್ಷನ್ನಿನಲ್ಲಿ ನೀರು ಕುಡಿಯುವ ರೈಲು ಇಂಜಿನ್ನುಗಳ ಹೊಟ್ಟೆಯಲ್ಲೂ ಇದೇ ಹಕ್ಕಳೆ ಕಟ್ಟುತ್ತದೆಂದು ನಮ್ಮ ಬೀದಿಯ ಫೈರ್‌ಮನ್ ಒಬ್ಬರು ಹೇಳುತ್ತಿದ್ದರು. ಇಂಜಿನ್ನಿಗೂ ನಮಗೂ ಒಂದೇ ಕಾಯಿಲೆ ಎಂಬುದು ನನಗೆ ಸ್ವಲ್ಪ ಹೆಮ್ಮೆಯ ವಿಷಯವೇ ಆಗಿತ್ತು.

ಯೋಚಿಸಿದರೆ ಈ ಸೀಮೆಯೇ ಹಾಗೆ. ಬೇಲೂರು ಹಳೇಬೀಡುಗಳಲ್ಲಿ ಮನುಷ್ಯರು ಕಲ್ಲನ್ನು ನೀರಿನ ಹಾಗೆ ಬಳುಕಿಸಿದರು. ಅಲ್ಲಿಂದ ಒಂದಿಷ್ಟು ದೂರ ಬಂದರೆ ಅರಸೀಕೆರೆಯಲ್ಲಿ ನೀರೇ ಕಲ್ಲಾಗುತ್ತದೆ, ಶಿಲ್ಪಿಯ ಹಂಗಿಲ್ಲದೆ.

ಇಂಥ ಊರಿನ ಶಾಲೆಗೆ ಒಂದು ಈಜುಕೊಳ ಬಂತು. ಅರೇಹಳ್ಳಿಯ ಕಡೆ ಕಾಫಿ ತೋಟವಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಬೊಂಬಾಯಿಯ ಯಾವುದೋ ಹೋಟೆಲಿನಲ್ಲಿ ಅಂಥದ್ದನ್ನು ಕಂಡು ಬಂದು, ತಾವು ಓದಿದ ಶಾಲೆಗೂ ಒಂದು ಇರಲಿ ಎಂದರು. ಸಿಮೆಂಟು ಸಿಗುವುದು ದುರ್ಲಭವಾಗಿದ್ದ ಕಾಲ. ಬೇಲೂರಿನ ಗಾರೆ ಕೆಲಸದವರು ಬಂದು ಸುಣ್ಣ, ಮರಳು, ಬೆಲ್ಲದ ನೀರು ಎಲ್ಲ ಅರೆದು, ಇಟ್ಟಿಗೆಯ ಗೋಡೆಗೆ ಕನ್ನಡಿಯಂಥ ಗಾರೆ ಮೆತ್ತಿ ಹೋದರು. ಕೊಳ ಹೇಗಿರಬೇಕೆಂದು ಸಮಿತಿಯವರು ಏಳು ಸಭೆ ಸೇರಿದರು. ಅದಕ್ಕೆ ಯಾವ ನೀರು ಎಂದು ಮಾತ್ರ ಒಂದು ಸಭೆಯಲ್ಲೂ ಯಾರೂ ಕೇಳಲಿಲ್ಲ. ವಿಜ್ಞಾನದ ಮೇಷ್ಟ್ರಾಗಿ ನಾನೂ ಆ ಸಭೆಗಳಲ್ಲಿದ್ದೆ, ಬೋಂಡ ಚೆನ್ನಾಗಿತ್ತು.

ಎರಡು ವರ್ಷ ಕಳೆಯುವುದರೊಳಗೆ ಕೊಳದ ಮೈಗೆ ವಯಸ್ಸಾಯಿತು. ನೀರು ನಿಲ್ಲುವ ಅಂಚಿನುದ್ದಕ್ಕೂ ಬೂದು ಬಣ್ಣದ ಹಕ್ಕಳೆ ಹಲಗೆಯಂತೆ ಕಟ್ಟಿತು. ಕಬ್ಬಿಣದ ಕೊಳವೆಯ ಬಾಯಿಂದ ಕೆಳಗೆ ತುಕ್ಕಿನ ಕೆಂಪು ಇಳಿಯಿತು. ಈಜಲು ಇಳಿದ ಹುಡುಗರ ಮೊಣಕಾಲು, ಕಾಲ್ಬೆರಳು ಗೋಡೆಗೆ ತರಚಿ ಗಾಯವಾಗತೊಡಗಿದವು. ಶಾಲೆಗೆ ಕಳಿಸಿದ ಮಗ ಸಂತೆಯಿಂದ ಬಂದ ಕರುವಿನ ಹಾಗೆ ಕುಂಟುತ್ತಾ ಬರುತ್ತಾನೆಂದು ತಾಯಂದಿರು ದೂರಿತ್ತರು.

ಈ ಗೋಡೆಯ ಮೇಲೆ ಒಬ್ಬನ ಅನ್ನ ನಿಂತಿತ್ತು. ಅವನು ನಮ್ಮ ಈಜು ಮೇಷ್ಟ್ರು ರಂಗಪ್ಪ. ಹಳೇಬೀಡಿನ ಕೆರೆಯಲ್ಲಿ ಈಜುತ್ತಾ ಬೆಳೆದವನು. ನಡೆಯುವಾಗ ಸಂಕೋಚದ ಮನುಷ್ಯ, ನೀರಿಗೆ ಬಿದ್ದರೆ ರಾಜ. ಅವನ ಹುದ್ದೆ ತಾತ್ಕಾಲಿಕ. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರು ಬಂದು ಕೊಳ ನೋಡಿ 'ಮುಂದುವರಿಸಬಹುದು' ಎಂದು ಬರೆದರೆ ಅವನಿಗೆ ಮುಂದಿನ ವರ್ಷ ಕೆಲಸವುಂಟು, ಇಲ್ಲವಾದರೆ ಇಲ್ಲ. ಆ ಒಂದು ಪದವನ್ನು ನಂಬಿಕೊಂಡು ಅವನು ಹೆಂಡತಿ ಮಕ್ಕಳನ್ನು ಅರಸೀಕೆರೆಗೆ ಕರೆತಂದು, ಬಾಡಿಗೆ ಮನೆ ಹಿಡಿದು, ಮಗಳನ್ನು ಸ್ಕೂಲಿಗೆ ಹಾಕಿದ್ದ. ಈ ಸಲದ ತನಿಖೆಗೆ ಒಂದು ತಿಂಗಳಿತ್ತು.

ಹೆಡ್‌ಮಾಸ್ಟರು ನನ್ನನ್ನು ಕರೆಸಿದರು. "ನೋಡಿ, ನೀವು ವಿಜ್ಞಾನದವರು. ಕಲೆ ಹೋಗಬೇಕು, ಹಕ್ಕಳೆ ಹೋಗಬೇಕು. ಏನು ಮಾಡ್ತೀರೋ ಮಾಡಿ."

ಹೊರಗೆ ರಂಗಪ್ಪ ನಿಂತಿದ್ದ. "ಆಗ್ತದಾ ಸಾರ್?" ಎಂದ.

"ರಸಾಯನಶಾಸ್ತ್ರದಲ್ಲಿ ಆಗದ್ದು ಯಾವುದೂ ಇಲ್ಲ ಕಣಯ್ಯ" ಎಂದೆ. ಈ ಮಾತನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಮನೆಯಲ್ಲಿ ಹೆಂಡತಿ, "ಹುಣಸೇಹಣ್ಣು ಹಾಕಿ ಉಜ್ಜಿಸಿ" ಎಂದಳು. ನಾನು ನಕ್ಕೆ. ಹಕ್ಕಳೆ ಎಂದರೆ ಸುಣ್ಣ. ಸುಣ್ಣಕ್ಕೆ ಮದ್ದು ಆಮ್ಲ. ಅದರಲ್ಲೂ ಹೈಡ್ರೋಕ್ಲೋರಿಕ್ ಆಮ್ಲ. ಪಾಠದ ಮೊದಲ ಪುಟದಲ್ಲಿರುವ ಮಾತು. ಕೊಳ ಬರಿದು ಮಾಡಿಸಿ, ಪ್ರಯೋಗಶಾಲೆಯ ದೊಡ್ಡ ಜಾಡಿ ಹೊರಿಸಿ, ಆಳದ ಮೂಲೆಯಿಂದ ಆರಂಭಿಸಿದೆ. ಸುರಿದ ತಕ್ಷಣ ಬುಸ್ಸೆಂದು ನೊರೆ ಎದ್ದಿತು. ಹಕ್ಕಳೆ ಕರಗಿ ಇಳಿಯಿತು. ದಂಡೆಯ ಮೇಲೆ ನಿಂತಿದ್ದ ಸಹೋದ್ಯೋಗಿಗಳು ಭೇಷ್ ಎಂದರು. ಹಕ್ಕಳೆ ಹೋದ ಮೇಲೂ ನೊರೆ ಬರುತ್ತಲೇ ಇತ್ತು. ಕಲೆ ಬಹಳ ಆಳಕ್ಕೆ ಇಳಿದಿರಬೇಕೆಂದುಕೊಂಡು ಇನ್ನಷ್ಟು ಸುರಿದೆ. ನೊರೆ ಇನ್ನೂ ಬಂತು. ನನಗೆ ಹುರುಪು ಹೆಚ್ಚಿತು.

ನೊರೆ ತೊಳೆದು ನೋಡಿದರೆ ಹಾಸುಗಂಬಳಿಯಷ್ಟು ಅಗಲಕ್ಕೆ ಗಾರೆಯೇ ಇರಲಿಲ್ಲ. ಒಳಗಿನ ಮರಳು ಉದುರುತ್ತಿತ್ತು, ಒಂದೆರಡು ಕಡೆ ಇಟ್ಟಿಗೆ ಇಣುಕುತ್ತಿತ್ತು.

ಹಕ್ಕಳೆಯೂ ಸುಣ್ಣ, ಗಾರೆಯೂ ಸುಣ್ಣ. ಅಳಿಯ ಅಲ್ಲ, ಮಗಳ ಗಂಡ. ಆಮ್ಲಕ್ಕೆ ಇವರಿಬ್ಬರೂ ಒಂದೇ ಮನೆಯವರು, ಅದು ಇಬ್ಬರನ್ನೂ ಉಂಡಿತು. ಸುಣ್ಣದ ಗಾರೆಗೆ ಆಮ್ಲ ತಾಗಿದರೆ ಏನಾಗುತ್ತದೆಂದು ನಾನೇ ಹಿಂದಿನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಪ್ರಶ್ನೆ ಕೊಟ್ಟಿದ್ದೆ. ಬಹಳ ಹುಡುಗರು ಸರಿಯಾಗಿಯೇ ಉತ್ತರ ಬರೆದಿದ್ದರು.

ರಂಗಪ್ಪ ಬಂದು ನೋಡಿದ. ಗುಳಿಬಿದ್ದ ಜಾಗಕ್ಕೆ ಹೆಬ್ಬೆರಳಿಟ್ಟು ಸ್ವಲ್ಪ ಹೊತ್ತು ಕುಕ್ಕುರುಗಾಲಲ್ಲಿ ಕೂತಿದ್ದ. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಇನ್ನು ನನ್ನ ಜೀವನದಲ್ಲಿ ನಾನು ಹೇಳಿಕೊಳ್ಳಲು ಇಷ್ಟಪಡದ ಒಂದು ಮಾತು. ಸಂಜೆ ಹೆಡ್‌ಮಾಸ್ಟರು ಬಂದು, "ಏನಿದು ಮೂಲೆಯಲ್ಲಿ?" ಎಂದಾಗ ನಾನು, "ಹಳೇ ಗಾರೆ ಸಾರ್. ದಿನದ ನಿಗಾ ಸಾಲದು" ಎಂದುಬಿಟ್ಟೆ. ದಿನದ ನಿಗಾ ಯಾರದೆಂದು ಶಾಲೆಯಲ್ಲಿ ಎಲ್ಲರಿಗೂ ಗೊತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎತ್ತೇ ಮುಂದೆ ನಿಂತು ಎಮ್ಮೆಯನ್ನು ತೋರಿಸಿತ್ತು. ಹೆಡ್‌ಮಾಸ್ಟರು ರಂಗಪ್ಪನ ಕಡೆ ತಿರುಗಿ, "ಇನ್‌ಸ್ಪೆಕ್ಟರು ಕೇಳಿದರೆ ನೀವೇ ಉತ್ತರ ಹೇಳಬೇಕು" ಎಂದು ಹೋದರು. ಅವನು ಉದುರಿದ ಮರಳು ಗುಡಿಸಲು ಕೂತ. ಆ ದಿನ ಮನೆಯಲ್ಲಿ ನನಗೆ ಊಟ ಸೇರಲಿಲ್ಲ. ಬೇಳೆ ಬೆಂದಿಲ್ಲವೆಂದು ಹೆಂಡತಿಯ ಮೇಲೆ ರೇಗಿದೆ.

ಭಾನುವಾರ ಹಳೇಬೀಡಿನ ಬಸ್ಸಿನಿಂದ, ರಂಗಪ್ಪ ಹೇಳಿಕಳಿಸಿದ್ದ ಅವನ ದೊಡ್ಡಮ್ಮ ಕೆಂಪಮ್ಮ ಇಳಿದರು. ಮುಪ್ಪಾದರೂ ನೆಟ್ಟಗಿದ್ದ ಹೆಂಗಸು, ಸೊಂಟದಲ್ಲಿ ಎಲೆಯಡಿಕೆ ಚೀಲ, ಕೈಯಲ್ಲಿ ಒಂದು ಕಟ್ಟು ಬಿದಿರಿನ ಸೀಳು. ಹಿಂದೆ ಯಾವುದೋ ಕಾಲದಲ್ಲಿ ಗುಡಿಯ ವಿಗ್ರಹಗಳಿಗೆ ಭಕ್ತಾದಿಗಳು ವರ್ಷಾ ವರ್ಷಾ ಸುಣ್ಣ ಬಳಿದಿದ್ದರಂತೆ. ಆ ಸುಣ್ಣವನ್ನು ಕೆರೆದು ಒಳಗಿನ ಶಿಲೆಯನ್ನು ಹೊರಗೆ ತೆಗೆಯುವ ಕೂಲಿ ಕೆಲಸಕ್ಕೆ ಈಕೆ ಹರೆಯದಲ್ಲಿ ಹೋಗಿದ್ದರು. ಬಳೆ, ಬೆರಳು, ಉಂಗುರ, ಉಂಗುರದೊಳಗಿನ ಗೆರೆ ಎಲ್ಲವನ್ನೂ ಬಿಡಿಸಿದ ಕೈ. ನಾನು ಎಂ.ಎಸ್ಸಿ. ಓದಬೇಕೆಂದುಕೊಂಡು ಬಿಟ್ಟವನು, ಆಕೆಗೆ ಅಕ್ಷರ ಬಾರದು.

ಕೊಳಕ್ಕೆ ಇಳಿದು ಗೋಡೆಯುದ್ದಕ್ಕೂ ಅಂಗೈ ಆಡಿಸಿಕೊಂಡು ಒಂದು ಸುತ್ತು ಬಂದರು. ನನ್ನ ಮೂಲೆಯ ಹತ್ತಿರ ನಿಂತರು.

"ಇದ್ಯಾರು ಮಾಡಿದ್ದು?"

"ನಾನೇ" ಎಂದೆ. ಆಕೆಯ ಮುಂದೆ ಸುಳ್ಳು ಯಾಕೋ ಬರಲಿಲ್ಲ.

"ಇಷ್ಟು ಓದಿರೋರು, ಮೈ ಯಾವುದು ಕೊಳೆ ಯಾವುದು ಅಂತ ನೋಡ್ಕಂಡು ಹಾಕ್ಬಾರ್ದಾ ಮೇಷ್ಟ್ರೇ?"

"ನೋಡಿದರೆ ಎರಡೂ ಒಂದೇ ಥರ ಕಾಣುತ್ತಮ್ಮ."

"ಕಣ್ಣಿಗೆ ಕಾಣಾಕಿಲ್ಲ. ಕೈಗೆ ಗೊತ್ತಾಯ್ತದೆ. ಕೊಳೆ ತರಿ ತರಿ ಇರ್ತದೆ, ಮೈ ತಣ್ಣಗಿರ್ತದೆ."

ಕೆಲಸ ಹದಿನೈದು ದಿನ ನಡೆಯಿತು. ಹುಣಸೇಹಣ್ಣು ಕಿವುಚಿದ ನೀರಿಗೆ ಗೋಣಿತಾಟು ಅದ್ದಿ ಒಂದೊಂದು ಮಾರು ಗೋಡೆಗೆ ಹೊದಿಸುವುದು. ಹಕ್ಕಳೆ ಸಡಿಲವಾಯಿತು ಎನ್ನಿಸಿದ ಕೂಡಲೇ ತಾಟು ತೆಗೆದು ಗೋಡೆ ತೊಳೆಯುವುದು. ಆಮೇಲೆ ಬಿದಿರಿನ ಸೀಳಿನಿಂದ ಮೆಲ್ಲಗೆ ಎಬ್ಬಿಸುವುದು. ಕಬ್ಬಿಣದ ಸಾಮಾನನ್ನು ಗೋಡೆಯ ಹತ್ತಿರ ತರಲು ಆಕೆ ಬಿಡಲಿಲ್ಲ. ತುಕ್ಕಿನ ಕಲೆಗೆ ನಿಂಬೆಹಣ್ಣು ಉಪ್ಪು. ಕೊನೆಗೆ ನುಣುಪಾದ ಹೊಳೆಗಲ್ಲಿನಿಂದ ಉಜ್ಜುವುದು. ನಾನೂ ರಂಗಪ್ಪನೂ ಶಾಲೆ ಬಿಟ್ಟ ಮೇಲೆ ಅಕ್ಕಪಕ್ಕ ಕೂತು ಕೆರೆಯುತ್ತಿದ್ದೆವು. ಹುಣಸೇ ನೀರೂ ಆಮ್ಲವೇ, ಅದೂ ಗಾರೆಯನ್ನು ತಿನ್ನಬಲ್ಲದು. ಆದರೆ ಅದಕ್ಕೆ ಅವಸರವಿಲ್ಲ, ನಿಲ್ಲಿಸು ಎಂದಾಗ ನಿಲ್ಲುತ್ತದೆ. ನನ್ನ ಜಾಡಿಯ ಆಮ್ಲಕ್ಕೂ ನನಗೂ ಇಲ್ಲದ್ದು ಈ ಗುಣವೇ. ಈ ವಿಚಾರವನ್ನು ಹೆಂಡತಿಗೆ ಹೇಳಿದಾಗ ಅವಳು ಮನೆಯಲ್ಲಿದ್ದ ಹುಣಸೇಹಣ್ಣಿನ ಕುಡಿಕೆಯನ್ನು ತಂದು ನನ್ನ ಮುಂದಿಟ್ಟಳು.

ಮೂಲೆಯ ಗುಳಿಗೆ ಕೆಂಪಮ್ಮ ಹೊಸ ಗಾರೆ ಮೆತ್ತಿದರು. ಸುತ್ತಲಿನ ಗೋಡೆ ಹಾಲಿನ ಬಣ್ಣಕ್ಕೆ ತಿರುಗಿದ್ದರೂ ಅಲ್ಲಿ ತೇಪೆ ಎದ್ದು ಕಾಣುತ್ತಿತ್ತು.

"ಇದನ್ನೂ ಕಾಣದ ಹಾಗೆ ಮಾಡಲು ಬರುವುದಿಲ್ಲವೇ?" ಎಂದು ಕೇಳಿದೆ.

"ಅದು ಗಾಯ ಮೇಷ್ಟ್ರೇ, ಕೊಳೆಯಲ್ಲ. ಮುಚ್ಬೌದು. ಇರಲೇ ಇಲ್ಲ ಅನ್ನಿಸಾಕೆ ಆಗಾಕಿಲ್ಲ" ಎಂದು ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ಮರುದಿನ ಬಸ್ಸು ಹತ್ತುವಾಗ ನನ್ನನ್ನು ಪಕ್ಕಕ್ಕೆ ಕರೆದು, "ನಮ್ ರಂಗ ಬಾಯಿಲ್ದೋನು" ಎಂದಷ್ಟೇ ಹೇಳಿದರು.

ಇನ್‌ಸ್ಪೆಕ್ಟರು ಬಂದರು. ಸಾಹಿತ್ಯ ಓದಿಕೊಂಡ ಮನುಷ್ಯರೆಂದು ಕೇಳಿದ್ದೆವು. ಕೋಟಿನ ತೋಳು ಮಡಿಸಿಕೊಂಡು ಬರಿದಾದ ಕೊಳಕ್ಕೆ ತಾವೇ ಇಳಿದರು. ಗೋಡೆ ಸವರಿದರು, ಚೆನ್ನಾಗಿದೆ ಎಂದರು. ಆಳದ ಮೂಲೆಗೆ ಬಂದು ತೇಪೆಯ ಮುಂದೆ ನಿಂತರು. "ಇಲ್ಲಿ ಏನಾಯಿತು? ಇದು ಯಾರ ಅಲಕ್ಷ್ಯ?"

ಹೆಡ್‌ಮಾಸ್ಟರು ರಂಗಪ್ಪನ ಕಡೆ ನೋಡಿದರು. ರಂಗಪ್ಪ ಕೈ ಕಟ್ಟಿಕೊಂಡು ನೆಲ ನೋಡಿದ. ತಾತ್ಕಾಲಿಕ ನೌಕರನಾದವನು ತಪ್ಪು ಮಾಡಿದ್ದರೂ ಮಾಡದಿದ್ದರೂ ನಿಲ್ಲುವುದು ಹಾಗೆಯೇ. ನನಗೆ ಭಯವಾಯಿತು, ನನ್ನ ಬಡ್ತಿಯ ಕಾಗದವೂ ಅದೇ ಇನ್‌ಸ್ಪೆಕ್ಟರ ಚೀಲದಲ್ಲಿತ್ತು. ಹಿಂದಿನ ದಿನವೆಲ್ಲ ಸುಣ್ಣ, ಆಮ್ಲ, ಗಡಸು ನೀರಿನ ಗುಣಗಳು ಎಂದೆಲ್ಲ ಒಂದು ಸಮಜಾಯಿಷಿ ಸಿದ್ಧಪಡಿಸಿಕೊಂಡಿದ್ದೆ. ಅದರಲ್ಲಿ ಒಂದು ಅಕ್ಷರವೂ ನೆನಪಾಗಲಿಲ್ಲ.

"ನಾನು ಮಾಡಿದ್ದು ಸಾರ್" ಎಂದೆ. "ಆಸಿಡ್ ಸುರಿದೆ. ಗೋಡೆ ಹೋಯಿತು. ರಂಗಪ್ಪನವರದು ಏನೂ ಇಲ್ಲ. ಉಳಿದ ಗೋಡೆಯನ್ನೆಲ್ಲ ಉಳಿಸಿದವರು ಅವರು, ಅವರ ದೊಡ್ಡಮ್ಮ."

ಇನ್‌ಸ್ಪೆಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವು ವಿಜ್ಞಾನದ ಮೇಷ್ಟ್ರಲ್ಲವೇ?"

"ಹೌದು ಸಾರ್. ಅದಕ್ಕೇ ಹೀಗಾಯಿತು."

ಅವರು ನಗಲಿಲ್ಲ. ಮೇಲೆ ಹತ್ತಿ ಹೋಗಿ, ಹೆಡ್‌ಮಾಸ್ಟರ ಮೇಜಿನ ಮುಂದೆ ಕೂತು, ತನಿಖಾ ಪುಸ್ತಕದಲ್ಲಿ ಬಹಳ ಹೊತ್ತು ಬರೆದರು. ಅವರು ಹೊರಟ ಮೇಲೆ ನಾವು ಮೂವರೂ ಆ ಪುಟದ ಮೇಲೆ ಬಾಗಿದೆವು. ರಂಗಪ್ಪನ ಉಸಿರು ನನ್ನ ಕಿವಿಗೆ ತಾಗುತ್ತಿತ್ತು. ಅಲ್ಲಿ ದುಂಡನೆಯ ಅಕ್ಷರದಲ್ಲಿ ಹೀಗೆ ಬರೆದಿತ್ತು: 'ಕೊಳದ ಸ್ಥಿತಿ ತೃಪ್ತಿಕರ. ಈಜು ಶಿಕ್ಷಕರನ್ನು ಮುಂದುವರಿಸಬಹುದು. ವಿಜ್ಞಾನ ಶಿಕ್ಷಕರನ್ನು ಕೊಳದಿಂದ ದೂರವಿಡತಕ್ಕದ್ದು.'

ಬಡ್ತಿ ಆ ವರ್ಷ ಬರಲಿಲ್ಲ. ಆಮೇಲಿನ ಸರ್ವಿಸಿನಲ್ಲಿ ನನ್ನ ಬಗ್ಗೆ ಎಷ್ಟೋ ಅಧಿಕಾರಿಗಳು ಎಷ್ಟೋ ಒಳ್ಳೆಯ ಮಾತು ಬರೆದರು: ಪರಿಶ್ರಮಿ, ಶಿಸ್ತುಗಾರ, ವಿಷಯದಲ್ಲಿ ಪಾಂಡಿತ್ಯವುಳ್ಳವರು. ಅವುಗಳಿಂದ ಯಾರಿಗೂ ಏನೂ ಆದ ಹಾಗೆ ಕಾಣೆ. ನನ್ನ ಮೇಲೆ ಬರೆದ ಮಾತುಗಳಲ್ಲಿ ಒಂದು ಸಂಸಾರಕ್ಕೆ ಅನ್ನ ಕೊಟ್ಟದ್ದು ಆ ಒಂದು ಛೀಮಾರಿಯೇ.